ಪ್ಲಾಸ್ಟರ್ ಗಟ್ಟಿಯಾಗುವ ತನಕ

ಮುರಿದ ಮೂಳೆಗೆ ಪ್ಲಾಸ್ಟರ್ ಹಾಕುವುದನ್ನು ಕಲಿಸುವ ಶಿಕ್ಷಕಿಗೆ ಆ ಆಸ್ಪತ್ರೆಯವರು ಇಟ್ಟ ಹೆಸರು ಪ್ಲಾಸ್ಟರಮ್ಮ. ಬೆನ್ನ ಹಿಂದೆ ಕರೆಯುವ ಹೆಸರೇನೂ ಅಲ್ಲ. ಲಿಫ್ಟಿನವನಿಂದ ಹಿಡಿದು ದೊಡ್ಡ ಡಾಕ್ಟರ ತನಕ ಎಲ್ಲರೂ ಎದುರಿಗೇ ಹಾಗೆ ಕರೆಯುತ್ತಿದ್ದರು, ಆಕೆಯೂ ಬೇಸರವಿಲ್ಲದೆ ತಿರುಗಿ ನೋಡುತ್ತಿದ್ದಳು. ನೆಲ ಅಂತಸ್ತಿನ ಕಾರಿಡಾರು ಮುಗಿಯುವಲ್ಲಿ ಆಕೆಯ ಕೋಣೆ. ಎರಡು ಮಂಚ, ಉದ್ದನೆಯ ಒಂದು ಮೇಜು, ಗೋಡೆಗೆ ಅಂಟಿದ ದೊಡ್ಡ ಸಿಂಕು, ಎಲ್ಲದರ ಮೇಲೂ ಬಿಳಿ ಪುಡಿಯ ತೆಳ್ಳನೆಯ ಪದರ. ಎಷ್ಟು ಒರೆಸಿದರೂ ಸಂಜೆ ಮನೆಗೆ ಹೋಗುವ ಹೊತ್ತಿಗೆ ಆಕೆಯ ಹುಬ್ಬು ಬೆಳ್ಳಗಾಗಿರುತ್ತಿತ್ತು. ಮೊಮ್ಮಗಳು ಪುಟ್ಟಿಗೆ ಆ ಹುಬ್ಬನ್ನು ಊದಿ ಪುಡಿ ಹಾರಿಸುವುದೇ ದಿನದ ದೊಡ್ಡ ಆಟ.

ಆ ವರ್ಷ ತರಬೇತಿಗೆ ಸೇರಿದವರಲ್ಲಿ ಆಕೆಯ ಸೊಸೆಯೂ ಇದ್ದಳು.

ಸೊಸೆಗೆ ಸೀಟು ಸಿಕ್ಕಿದ್ದು ಯಾರ ಶಿಫಾರಸಿನಿಂದಲೂ ಅಲ್ಲ. ಮದುವೆಯಾಗಿ, ಮಗುವಾಗಿ, ಅರ್ಧಕ್ಕೆ ನಿಂತಿದ್ದ ಓದನ್ನು ಮುಗಿಸಿಕೊಂಡು, ಪ್ರವೇಶ ಪರೀಕ್ಷೆ ಬರೆದು ಸೇರಿದ್ದಳು. ಆದರೆ ತರಬೇತಿಗೆ ವಯಸ್ಸಿನ ಮಿತಿಯೊಂದಿತ್ತು, ಅವಳು ಆ ಗೆರೆಯ ತುದಿಯಲ್ಲೇ ನಿಂತಿದ್ದಳು. ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಉಳಿದವರು ಫೇಲಾದರೆ ಮುಂದಿನ ವರ್ಷದ ತಂಡದ ಜೊತೆ ಮತ್ತೆ ಕೂರಬಹುದು. ಇವಳಿಗೆ ಮುಂದಿನ ವರ್ಷ ಎಂಬುದೇ ಇರಲಿಲ್ಲ. ಪಾಸಾದರೆ ಇದೇ ಕೋಣೆಯಲ್ಲಿ ಕೆಲಸ, ಇಲ್ಲದಿದ್ದರೆ ಬಾಗಿಲು ಮುಚ್ಚಿದ ಹಾಗೆಯೇ.

ಸೇರಿದ ದಿನ ಸಂಜೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಪ್ಲಾಸ್ಟರಮ್ಮ ಒಂದು ಮಾತನ್ನು ನೇರವಾಗಿ ಹೇಳಿಬಿಟ್ಟಳು.

"ಮನೇಲಿ ನಾನು ಒಂದಕ್ಷರ ಹೇಳಿಕೊಡಲ್ಲ ಕಣಮ್ಮ. ನೀನು ಪಾಸಾದ್ರೆ ಅತ್ತೆ ಹೇಳಿಕೊಟ್ಟಳು ಅಂತಾರೆ, ಫೇಲಾದ್ರೆ ಅತ್ತೆ ಬೇಕಂತಲೇ ಫೇಲ್ ಮಾಡಿಸಿದಳು ಅಂತಾರೆ. ಎರಡೂ ನಮಗೆ ಬೇಡ."

"ಎರಡನೇದನ್ನ ನಾನೇ ಹೇಳಿದ್ರೂ ಹೇಳಬಹುದು ಅತ್ತೆ," ಅಂದಳು ಸೊಸೆ, ಒಲೆಯ ಮೇಲಿನ ಹಾಲಿನಿಂದ ಕಣ್ಣು ತೆಗೆಯದೆ.

ಇಬ್ಬರೂ ನಕ್ಕರು. ಮಾತು ಅಲ್ಲಿಗೆ ಮುಗಿಯಿತು. ಸೊಸೆ ಆಮೇಲೆ ಒಂದು ದಿನವೂ ಅತ್ತೆ ಹಾಕಿದ ಆ ಗೆರೆ ದಾಟಲಿಲ್ಲ.

ದಾಟದೆ ಅವಳು ಮಾಡಿದ್ದೇನೆಂದರೆ ಫೋನು ಹಿಡಿದದ್ದು. ತರಗತಿಯಲ್ಲಿ ಹೇಳಿದ್ದು ಅವಳಿಗೆ ಸಾಲುತ್ತಿರಲಿಲ್ಲ. ಮನೆಯಲ್ಲಿ ಕೂತು ದಪ್ಪ ಪುಸ್ತಕ ಬಿಚ್ಚೋಣವೆಂದರೆ ಪುಟ್ಟಿ ಅದರ ಮೇಲೇ ಬಂದು ಕೂರುತ್ತಿತ್ತು. ಗಂಡನದು ಪಾಳಿಯ ಕೆಲಸ, ಅವನು ಮನೆಯಲ್ಲಿರುವ ಹೊತ್ತಿಗೆ ಇವಳು ಆಸ್ಪತ್ರೆಯಲ್ಲಿ. ಅವಳ ಪಾಲಿಗೆ ಉಳಿದದ್ದು ಚೂರುಪಾರು ಸಮಯ. ಬಸ್ಸು ಸಿಗ್ನಲ್ಲಿನಲ್ಲಿ ನಿಂತಷ್ಟು ಹೊತ್ತು, ಹಾಲು ಉಕ್ಕುವ ತನಕ, ಮಗುವಿಗೆ ನಿದ್ದೆ ಹತ್ತುವ ತನಕ. ಆ ಚೂರುಗಳಿಗೆ ಅಳತೆ ತೆಗೆದು ಹೊಲಿಸಿದ ಹಾಗೆ ಸಿಗುತ್ತಿದ್ದವು ಒಂದು ನಿಮಿಷವೂ ಇರದ ವಿಡಿಯೋಗಳು. ಯಾವುದೋ ದೇಶದ ಯಾರದೋ ಎರಡು ಕೈಗಳು ಕಾಣಿಸುತ್ತಿದ್ದವು. ಹತ್ತಿ ಸುತ್ತಿ, ಪ್ಲಾಸ್ಟರ್ ಪಟ್ಟಿ ನೆನೆಸಿ, ಹಿಂಡಿ, ಸುತ್ತಿ, ಸವರಿ, ಮುಗಿಯಿತು. ಬೆರಳಿನಿಂದ ಮೇಲಕ್ಕೆ ತಳ್ಳಿದರೆ ಇನ್ನೊಂದು.

ಪ್ಲಾಸ್ಟರಮ್ಮ ಇದಕ್ಕೆ ಚಿಟಿಕೆ ಪಾಠ ಎಂದು ಹೆಸರಿಟ್ಟಿದ್ದಳು. ಈಗಿನ ಹುಡುಗರೆಲ್ಲ ಚಿಟಿಕೆ ಪಾಠದವರೇ. ಪುಸ್ತಕ ಕೊಟ್ಟರೆ ತೂಕ ನೋಡಿ ವಾಪಸು ಇಡುತ್ತಾರೆ, ಬೋರ್ಡಿನ ಮೇಲೆ ಬರೆದದ್ದನ್ನು ಕೈಯಲ್ಲಿ ಬರೆದುಕೊಳ್ಳದೆ ಫೋಟೋ ಹೊಡೆಯುತ್ತಾರೆ, ಮಾತು ಸ್ವಲ್ಪ ಉದ್ದವಾದರೆ ಕಣ್ಣು ಕಿಟಕಿಗೆ ಹೋಗುತ್ತದೆ ಎಂದು ಆಕೆ ಸಹೋದ್ಯೋಗಿಗಳ ಹತ್ತಿರ ಗೊಣಗುವುದಿತ್ತು. ಗೊಣಗಿದರೂ ಒಂದು ವಿಷಯ ಆಕೆಯ ಕಣ್ಣಿಗೆ ಬೀಳದೆ ಇರಲಿಲ್ಲ. ಹಿಂದಿನ ತಂಡಗಳ ಮಕ್ಕಳು ಮೊದಲ ಸಲ ಪಟ್ಟಿ ಹಿಡಿದಾಗ ಕೈ ಗಡಗಡ ನಡುಗುತ್ತಿತ್ತು, ಈ ಮಕ್ಕಳ ಕೈ ನಡುಗುತ್ತಿರಲಿಲ್ಲ. ಯಾವ ಕತ್ತರಿಗೆ ಏನು ಹೆಸರು, ಯಾವ ಪಟ್ಟಿ ಎಷ್ಟು ಅಗಲ ಎಂಬುದನ್ನೆಲ್ಲ ಮೊದಲೇ ತಿಳಿದು ಬಂದಿದ್ದರು. ಒಬ್ಬರಿಗೆ ಬಾರದಿದ್ದರೆ ಪಕ್ಕದವರು ಮೇಜಿನ ಕೆಳಗಿನಿಂದ ಫೋನು ದಾಟಿಸಿ ಸದ್ದಿಲ್ಲದೆ ಸಹಾಯ ಮಾಡುತ್ತಿದ್ದರು. ಅದನ್ನು ನೋಡಿದರೂ ನೋಡದ ಹಾಗೆ ಆಕೆ ಬೇರೆ ಕಡೆ ತಿರುಗಿಬಿಡುತ್ತಿದ್ದಳು.

ಕೊನೆಯ ಪರೀಕ್ಷೆಗೆ ಮುಂಚೆ ಪ್ರತಿ ತಂಡಕ್ಕೂ ಒಂದು ತಾಲೀಮು ಪರೀಕ್ಷೆ ಇಡುವುದು ಅಲ್ಲಿನ ರೂಢಿ. ಒಬ್ಬರ ಕೈಗೆ ಇನ್ನೊಬ್ಬರು ಪ್ಲಾಸ್ಟರ್ ಹಾಕಬೇಕು. ಅರ್ಧ ತಂಡ ರೋಗಿಗಳಾಗಿ ಸಾಲಾಗಿ ಕೂತಿತು, ಉಳಿದರ್ಧ ಎದುರಿಗೆ ಬೇಸಿನ್ನು ಇಟ್ಟುಕೊಂಡು ನಿಂತಿತು. ಸೊಸೆಗೆ ರೋಗಿಯಾಗಿ ಸಿಕ್ಕವನು ತಂಡದಲ್ಲೇ ಎತ್ತರದ ಹುಡುಗ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಉದ್ದಣ್ಣ ಎಂದೇ.

ಪ್ಲಾಸ್ಟರಮ್ಮ ಶುರು ಅಂದಳು. ಆಮೇಲೆ ಆಕೆ ಕಂಡದ್ದು ನಿಜಕ್ಕೂ ಚಂದವಾಗಿತ್ತು. ಹತ್ತಿಯ ಪದರ ಎಲ್ಲೂ ಗಂಟಾಗದೆ ಸುತ್ತಿಕೊಂಡಿತು. ಪಟ್ಟಿಯನ್ನು ನೀರಲ್ಲಿ ಅದ್ದಿ, ಗುಳ್ಳೆ ನಿಲ್ಲುವ ತನಕ ಬಿಟ್ಟು, ಹದವಾಗಿ ಹಿಂಡಿದರು. ಸೊಸೆಯ ಕೈಯಂತೂ ನೀರಿನ ಹಾಗೆ ಹರಿಯುತ್ತಿತ್ತು. ಸುತ್ತಿನ ಮೇಲೆ ಸುತ್ತು ಸಮನಾಗಿ ಕೂತಿತು, ಅಂಗೈಯಿಂದ ಸವರಿದ್ದೇ ಮೇಲ್ಮೈ ಬೆಣ್ಣೆಯಂತಾಯಿತು. ಪ್ಲಾಸ್ಟರಮ್ಮನ ಮುಖದಲ್ಲಿ ನಗು ಮೂಡುವುದರಲ್ಲಿತ್ತು.

ಅಷ್ಟರಲ್ಲಿ ಸಾಲಿನಲ್ಲಿ ನಿಂತವರೆಲ್ಲ, ಒಬ್ಬರ ಹಿಂದೊಬ್ಬರು, ಎರಡೂ ಅಂಗೈಗಳನ್ನು ಬಿಡಿಸಿ ಮೇಲೆತ್ತಿ ಎದುರಿಗೆ ತೋರಿಸಿ ನಿಂತರು. ಸಾಮೂಹಿಕ ಕವಾಯತಿನ ಹಾಗೆ.

ಇನ್ನೂ ಒದ್ದೆಯಾಗಿದ್ದ ಪ್ಲಾಸ್ಟರುಗಳು ಆಸರೆ ತಪ್ಪಿದ್ದೇ ಮಣಿಕಟ್ಟಿನ ಹತ್ತಿರ ಮೆಲ್ಲಗೆ ಕುಸಿದವು. ಉದ್ದಣ್ಣನ ಕೈ ಬಾಡಿದ ದಂಟಿನ ಹಾಗೆ ಬಾಗಿ, ಮಡಿಕೆ ಬಿದ್ದು ನಿಂತಿತು. ಅವನು ತನ್ನ ಕೈಯನ್ನೂ ಎದುರಿಗಿದ್ದವಳ ಅಂಗೈಗಳನ್ನೂ ನೋಡಿ, "ಅಕ್ಕಾ, ಶರಣಾಗತಿ ಇಷ್ಟು ಬೇಗ್ನೇನಾ?" ಅಂದ.

ಯಾಕೆ ಕೈ ಬಿಟ್ಟಿರಿ ಎಂದು ಪ್ಲಾಸ್ಟರಮ್ಮ ಒಬ್ಬೊಬ್ಬರನ್ನೇ ಕೇಳಿದಳು. ಹಿಡಿದುಕೊಂಡಿರಬೇಕು ಎಂದು ಪಾಠದಲ್ಲಿ ಕೇಳಿದ್ದು ನೆನಪಿದೆಯೇ ಅಂದರೆ ಎಲ್ಲರಿಗೂ ನೆನಪಿದೆ. ಕೊನೆಗೆ ಉದ್ದಣ್ಣನೇ ಫೋನು ತೆಗೆದು ತೋರಿಸಿದ. ತಂಡಕ್ಕೆ ತಂಡವೇ ನೋಡಿ ಕಲಿತ ಒಂದು ವಿಡಿಯೋ. ಅದರಲ್ಲಿ ಒಬ್ಬ ಪ್ಲಾಸ್ಟರ್ ಸವರಿ ಮುಗಿಸಿ, ನೋಡಿ ಎಂಬಂತೆ ಎರಡೂ ಅಂಗೈಗಳನ್ನು ಎತ್ತುತ್ತಾನೆ. ಮರುಕ್ಷಣವೇ ಪ್ಲಾಸ್ಟರ್ ಕಲ್ಲಾಗಿದೆ, ಅವನು ಗೆಣ್ಣಿನಿಂದ ಟಕ್ ಎಂದು ಬಡಿಯುತ್ತಾನೆ. ನಡುವಿನ ಹೊತ್ತನ್ನು ಕತ್ತರಿಸಿ ತೆಗೆದಿದ್ದಾರೆ. ಯಾರು ನೋಡುತ್ತಾರೆ, ಸುಮ್ಮನೆ ಹಿಡಿದುಕೊಂಡಿರುವ ಕೈಗಳನ್ನು?

ಕಿವಿ ಕೇಳಿದ್ದು ತಲೆಯಲ್ಲಿತ್ತು, ಕಣ್ಣು ನೋಡಿದ್ದು ಕೈಗೆ ಇಳಿದಿತ್ತು. ಕೆಲಸದ ಹೊತ್ತಿಗೆ ಗೆದ್ದದ್ದು ಕೈ.

ಪ್ಲಾಸ್ಟರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಬೈಯುವುದು ಆಕೆಯ ಸ್ವಭಾವದಲ್ಲಿರಲಿಲ್ಲ, ಹಾಗಾಗಿ ದನಿ ತಗ್ಗಿಸಿ ಮಾತಾಡಿದಳು. ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚುತ್ತಿತ್ತು. ಮೂಳೆ ನೆಟ್ಟಗೆ ಕೂಡುವುದು ಸುತ್ತುವುದರಿಂದಲ್ಲ, ಹಿಡಿಯುವುದರಿಂದ. ಅದೂ ಅಂಗೈಯಿಂದ ಹಿಡಿಯಬೇಕು. ಬೆರಳ ತುದಿ ಒತ್ತಿದರೆ ಗುಂಡಿ ಬಿದ್ದು ಒಳಗೆ ಚರ್ಮ ಹುಣ್ಣಾಗುತ್ತದೆ. ಪರೀಕ್ಷೆಗೆ ಬರುವ ಡಾಕ್ಟರು ಹೊರಗಿನವರು, ಕುಸಿದ ಪ್ಲಾಸ್ಟರನ್ನು ಒಂದು ನೋಟ ನೋಡಿ ಮುಂದೆ ಹೋಗುತ್ತಾರೆ. ಇಷ್ಟು ಹೇಳಿ, ನಾಳೆಯಿಂದ ಫೋನುಗಳೆಲ್ಲ ಬೀರುವಿನಲ್ಲಿ ಎಂದಳು. ಸೊಸೆ ತಲೆ ಬಗ್ಗಿಸಿಕೊಂಡು ಉದ್ದಣ್ಣನ ಕೈಯಿಂದ ಪ್ಲಾಸ್ಟರ್ ಕತ್ತರಿಸಿ ತೆಗೆಯುತ್ತಿದ್ದಳು. ಅವನ ಕೈಯ ರೋಮಗಳಿಗೆ ಅಂಟಿದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದನ್ನು ಮಾತ್ರ ಮರೆಯಲಿಲ್ಲ.

ಆ ಸಂಜೆ ಬಸ್ಸಿನಲ್ಲಿ ಅತ್ತೆ ಸೊಸೆ ಅಕ್ಕಪಕ್ಕ ಕೂತರು. ಸೊಸೆ ಫೋನು ತೆಗೆಯಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದ ಅವಳ ಕೆಳತುಟಿ ಹಲ್ಲಿಗೆ ಸಿಕ್ಕಿತ್ತು. ಪ್ಲಾಸ್ಟರಮ್ಮ ಅವಳನ್ನೇ ನೋಡುತ್ತಾ ಲೆಕ್ಕ ಹಾಕಿದಳು. ಪರೀಕ್ಷೆಗೆ ಇನ್ನು ಕೆಲವೇ ವಾರ. ಈ ಹುಡುಗಿಗೆ ಎರಡನೇ ಅವಕಾಶವಿಲ್ಲ. ತಾನು ಹಾಕಿದ ಗೆರೆಯ ಆಚೆ ಅವಳು ಒಬ್ಬಳೇ ನಿಂತು, ಯಾರೋ ಅಪರಿಚಿತರ ಕೈ ನೋಡಿ ಕಲಿಯುತ್ತಿದ್ದಾಳೆ.

ಮನೆಗೆ ಬಂದು ಪುಟ್ಟಿಗೆ ಉಣ್ಣಿಸಿದ ಮೇಲೆ ಸೊಸೆಯೇ ಮಾತು ತೆಗೆದಳು.

"ಅತ್ತೆ, ಮನೇಲಿ ಪಾಠ ಕೇಳಲ್ಲ. ಆದ್ರೆ ಒಂದು ಕೇಳ್ಲಾ?"

"ಕೇಳು."

"ನಾಳೆ ಕ್ಲಾಸಲ್ಲಿ, ಎಲ್ಲರ ಎದುರಿಗೇನೇ, ನೀವು ಪ್ಲಾಸ್ಟರ್ ಹಿಡಿದುಕೊಳ್ಳೋದನ್ನ ಫೋನಲ್ಲಿ ತೆಗೀಲಾ? ಮೊದಲಿಂದ ಕೊನೇ ತನಕ. ಎಲ್ಲೂ ಕತ್ತರಿಸದೆ."

"ಅದರಲ್ಲಿ ನೋಡೋಕೆ ಏನಿರುತ್ತೆ? ಎರಡು ಮುದಿ ಕೈ."

"ಅದೇ ಬೇಕು ಅತ್ತೆ. ನನ್ನ ಕೈಗೆ ನೋಡಿದ್ದೇ ಬರೋದು. ಹಂಗಾದ್ರೆ ಸರಿಯಾದ್ದನ್ನೇ ನೋಡ್ತೀನಿ."

ಪ್ಲಾಸ್ಟರಮ್ಮ ಉಂಡ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. ಇದು ಎಲ್ಲರಿಗೂ ಸೇರಿದ್ದು, ಕದ್ದುಮುಚ್ಚಿ ಕೊಟ್ಟ ಪಾಠವಲ್ಲ ಎಂದು ಮನಸ್ಸಿನಲ್ಲೇ ತೂಗಿ ನೋಡಿ, ಕೊನೆಗೆ ಹೂಂ ಅಂದಳು.

ಮರುದಿನ ಕಾಲು ಮುರಿದುಕೊಂಡು ಬಂದಿದ್ದ ಒಬ್ಬ ಕಾಲೇಜು ಹುಡುಗನನ್ನೂ ಅವನ ತಂದೆಯನ್ನೂ ಕೇಳಿ, ಮುಖ ಬಾರದ ಹಾಗೆ ತೆಗೆಯುತ್ತೇವೆಂದು ಒಪ್ಪಿಸಿ, ವಿಡಿಯೋ ತೆಗೆದದ್ದಾಯಿತು. ತಂಡದವರಿಗೆಲ್ಲ ಕಳಿಸಿದ್ದೂ ಆಯಿತು. ಮೊದಲ ದಿನ ನಗೆಯೋ ನಗೆ. ಫೋನು ನಿಂತುಹೋಗಿದೆ ಅಂದುಕೊಂಡು ಎರಡು ಸಲ ಆಫ್ ಮಾಡಿ ಆನ್ ಮಾಡಿದೆ ಎಂದು ಒಬ್ಬಳು ಹೇಳಿದಳು. ತನಗೆ ನಿದ್ದೆ ಬಾರದ ಕಾಯಿಲೆಯಿತ್ತು, ಅದು ವಾಸಿಯಾಯಿತು ಅಂದ ಉದ್ದಣ್ಣ. ಸೊಸೆಯೂ ನಕ್ಕಳು. ಬೆಳಿಗ್ಗೆ ತಂಡದವರಿಗಿಂತ ಮೊದಲೇ ಬಂದು, ನೀರಿನ ಜಗ್ಗಿಗೆ ಫೋನನ್ನು ಒರಗಿಸಿ ನಿಲ್ಲಿಸಿ, ಆ ವಿಡಿಯೋ ಹಚ್ಚಿ, ಮರದ ಬೊಂಬೆಯ ಕೈಗೆ ಪ್ಲಾಸ್ಟರ್ ಹಾಕಿ, ತೆರೆಯ ಮೇಲಿನ ಕೈಗಳ ಜೊತೆಗೆ ತಾನೂ ಹಿಡಿದು ನಿಲ್ಲುತ್ತಿದ್ದಳು. ಅವು ಬಿಟ್ಟಾಗ ಇವಳೂ ಬಿಡುವುದು. ನೋಡನೋಡುತ್ತ ಪಕ್ಕದಲ್ಲಿ ಇನ್ನೊಬ್ಬಳು ಬಂದು ನಿಂತಳು. ವಾರ ಕಳೆಯುವುದರೊಳಗೆ ಉದ್ದಣ್ಣನೂ ಸೇರಿ ಅರ್ಧ ತಂಡ ಆ ಜಗ್ಗಿನ ಸುತ್ತ ಒದ್ದೆ ಪ್ಲಾಸ್ಟರ್ ಹಿಡಿದು ನಿಲ್ಲತೊಡಗಿತು. ಬೀರುವಿಗೆ ಬೀಗ ಹಾಕುವುದನ್ನು ಪ್ಲಾಸ್ಟರಮ್ಮ ಮರೆತವಳಂತೆ ಇದ್ದುಬಿಟ್ಟಳು.

ಆ ವಿಡಿಯೋವನ್ನು ಆಕೆ ಸ್ವತಃ ನೋಡಿದ್ದು ಒಂದು ಭಾನುವಾರ, ಸೊಸೆ ಬಟ್ಟೆ ಮಡಿಸುತ್ತಾ ಅದನ್ನು ಹಚ್ಚಿಟ್ಟಿದ್ದಾಗ. ಕೈಗಳನ್ನು ನೋಡಿ ಆಕೆಗೆ ಏನೂ ಅನ್ನಿಸಲಿಲ್ಲ, ಅವು ಗೊತ್ತಿದ್ದ ಕೈಗಳೇ. ಅಚ್ಚರಿಯಾದದ್ದು ದನಿ ಕೇಳಿ. ಪ್ಲಾಸ್ಟರ್ ಹಿಡಿದುಕೊಂಡಷ್ಟು ಹೊತ್ತೂ ಯಾರೋ ಮೆಲ್ಲಗೆ ಮಾತಾಡುತ್ತಿದ್ದರು. ಬಿಸಿ ಆಗುತ್ತೆ, ಹೆದರಬೇಡಪ್ಪ, ಗಟ್ಟಿಯಾಗುವಾಗ ಹಾಗೇ ಆಗೋದು. ಯಾವ ಆಟ ಆಡ್ತಿದ್ದೆ? ಫುಟ್‌ಬಾಲಾ? ಗೋಲ್‌ಕೀಪರಾ? ಎಷ್ಟು ಗೋಲು ಬಿಟ್ಟೆ? ಹುಡುಗ ನಗುತ್ತಿದ್ದ. ನಡುವೆ ಹುಡುಗನ ಮೇಲಿದ್ದ ಹೊದಿಕೆ ಜಾರಿದಾಗ, ಎರಡೂ ಕೈ ಪ್ಲಾಸ್ಟರಿನ ಮೇಲೇ ಇದ್ದುದರಿಂದ, ಒಂದು ಮೊಣಕೈ ಬಂದು ಆ ಹೊದಿಕೆಯನ್ನು ಮೇಲಕ್ಕೆ ತಳ್ಳಿ ಸರಿಪಡಿಸಿತು. ಇಷ್ಟು ವರ್ಷ ತಾನು ಹೀಗೆ ಮಾಡುತ್ತಿದ್ದೇನೆ ಎಂಬುದು ಆಕೆಗೇ ಗೊತ್ತಿರಲಿಲ್ಲ. ಪಾಠದಲ್ಲಿ ಅದನ್ನು ಎಂದೂ ಹೇಳಿರಲಿಲ್ಲ. ಗೊತ್ತಿಲ್ಲದ್ದನ್ನು ಹೇಳುವುದಾದರೂ ಹೇಗೆ?

"ಇದನ್ನೆಲ್ಲಾ ಯಾಕೆ ಇಟ್ಟುಕೊಂಡಿದೀಯ? ಮಾತು ತೆಗೆದುಹಾಕಬಹುದಿತ್ತಲ್ಲ," ಅಂದಳು ನಾಚಿಕೆಯಿಂದ.

"ಕತ್ತರಿಸಿದ್ರೆ ಮೊದಲು ಹೋಗೋದೇ ಅದು ಅತ್ತೆ," ಅಂದು ಸೊಸೆ ಪುಟ್ಟಿಯ ಲಂಗ ಮಡಿಸತೊಡಗಿದಳು.

ಪರೀಕ್ಷೆಯ ದಿನ ಪ್ಲಾಸ್ಟರಮ್ಮನಿಗೆ ಒಳಗೆ ಜಾಗವಿರಲಿಲ್ಲ. ಹತ್ತಿರದ ಸಂಬಂಧಿಕರು ಪರೀಕ್ಷೆಗೆ ಕೂತಿದ್ದರೆ ಶಿಕ್ಷಕರು ಕೋಣೆಯಲ್ಲಿರಬಾರದೆಂಬುದು ನಿಯಮ, ಸೊಸೆ ಕೂತಿದ್ದಾಳೆಂದು ಮೊದಲೇ ಬರೆದು ತಿಳಿಸಿದವಳೂ ಆಕೆಯೇ. ಪಟ್ಟಿ, ಹತ್ತಿ, ಉಗುರುಬೆಚ್ಚಗಿನ ನೀರು ಹೊಂದಿಸಿಕೊಡುವ ಕೆಲಸವಿಟ್ಟುಕೊಂಡು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಳು. ಬಾಗಿಲಿಗೆ ಗಾಜಿನ ಕಿಂಡಿಯಿತ್ತು. ಕೂತರೆ ಕಾಣುತ್ತಿರಲಿಲ್ಲ. ಆಕೆ ಕೂತದ್ದು ಕಡಿಮೆ.

ಪರೀಕ್ಷಕರು ಬೇರೆ ಆಸ್ಪತ್ರೆಯ ಹಿರಿಯ ಡಾಕ್ಟರು, ಮಾತು ಕಮ್ಮಿ, ಗಡಿಯಾರ ನೋಡುವುದು ಜಾಸ್ತಿ. ಆ ಬೆಳಿಗ್ಗೆ ಬಂದ ನಿಜವಾದ ರೋಗಿಗಳನ್ನೇ ಒಬ್ಬೊಬ್ಬರಿಗೆ ಹಂಚಿದ್ದರು. ಸೊಸೆಯ ಪಾಲಿಗೆ ಬಂದವರು ನಿವೃತ್ತ ಬಸ್ ಡ್ರೈವರೊಬ್ಬರು. ಮನೆಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಎಡಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಬಾವು ಇದ್ದುದರಿಂದ ಸುತ್ತ ಪೂರ್ತಿ ಮುಚ್ಚದೆ, ಒಂದು ಬದಿಗೆ ಮಾತ್ರ ಅರ್ಧ ಪ್ಲಾಸ್ಟರ್ ಹಾಕಬೇಕು. ಅದೇ ಕೈಯ ಬೆರಳಲ್ಲಿ ಹಳೆಯದೊಂದು ಉಂಗುರ, ಊದಿದ ಬೆರಳಿನಲ್ಲಿ ಹೂತುಕೊಂಡ ಹಾಗಿತ್ತು.

ಉಂಗುರ ಬೆರಳಲ್ಲಿರುವಾಗ ಪ್ಲಾಸ್ಟರ್ ಹಾಕುವ ಹಾಗಿಲ್ಲ. ಬಾವು ಹೆಚ್ಚಾದರೆ ರಕ್ತ ಓಡಾಟ ನಿಂತು ಬೆರಳಿಗೇ ಸಂಚಕಾರ. ಸೋಪು ಹಚ್ಚಿ ಎಳೆದರೂ ಅದು ಗೆಣ್ಣು ದಾಟಲಿಲ್ಲ. ಪರೀಕ್ಷಕರು ಬಾಗಿಲು ತೆರೆದು ಉಂಗುರ ಕತ್ತರಿಸುವ ಕಟರ್ ತನ್ನಿ ಅಂದರು. ಪ್ಲಾಸ್ಟರಮ್ಮ ಬೀರುವಿನ ಕಡೆ ಹೊರಡುವಾಗ ಡ್ರೈವರ ದನಿ ಕಾರಿಡಾರಿಗೂ ಕೇಳಿಸಿತು.

"ಡಾಕ್ಟ್ರೇ, ನನ್ನ ಹೆಂಡತಿ ಹೊರಗಡೇನೇ ಕೂತಿದಾಳೆ. ಇದನ್ನ ಕತ್ತರಿಸಿಕೊಂಡು ಹೋದ್ರೆ ಈ ಇನ್ನೊಂದು ಕೈಗೂ ಪ್ಲಾಸ್ಟರ್ ರೆಡಿ ಇಟ್ಟಿರಿ."

ಎಲ್ಲರೂ ನಕ್ಕರು. ನಗುವಿನಡಿ ಆ ಮನುಷ್ಯನಿಗೆ ನಿಜವಾಗಿಯೂ ಸಂಕಟವಾಗಿರುವುದು ಆ ದನಿಯಲ್ಲೇ ತಿಳಿಯುತ್ತಿತ್ತು. ಪ್ಲಾಸ್ಟರಮ್ಮ ಎಷ್ಟೋ ಉಂಗುರಗಳನ್ನು ಕತ್ತರಿಸಿದವಳು. ಕತ್ತರಿಸಿದ ತುಂಡನ್ನು ಹತ್ತಿಯಲ್ಲಿ ಸುತ್ತಿ ಅವರವರ ಕೈಗೇ ಜೋಪಾನವಾಗಿ ಕೊಡುವುದೊಂದೇ ಆಕೆಗೆ ತಿಳಿದಿದ್ದ ಸಮಾಧಾನ.

ಕಟರ್ ಹಿಡಿದುಕೊಂಡು ವಾಪಸು ಬಂದು ಕಿಂಡಿಯಲ್ಲಿ ನೋಡಿದರೆ, ಸೊಸೆ ಗಾಯ ಹೊಲಿಯುವ ದಾರ ಕೈಯಲ್ಲಿ ಹಿಡಿದು ಪರೀಕ್ಷಕರ ಹತ್ತಿರ ಏನೋ ಕೇಳುತ್ತಿದ್ದಳು. ಅವರು ಗಡಿಯಾರ ನೋಡಿ, ಆಗಲಿ ಎಂಬಂತೆ ತಲೆಯಾಡಿಸಿದರು. ಅವಳು ಮೊದಲು ಬೆರಳನ್ನು ಮುಟ್ಟಿ ಇಲ್ಲಿ ನೋವಿದೆಯಾ, ಇಲ್ಲಿ ಎಂದು ವಿಚಾರಿಸಿದಳು. ಆಮೇಲೆ ದಾರದ ಒಂದು ತುದಿಯನ್ನು ಉಂಗುರದ ಅಡಿಯಿಂದ ಅಂಗೈ ಕಡೆಗೆ ತೂರಿಸಿದಳು. ಉಳಿದ ದಾರವನ್ನು ಉಂಗುರದ ಅಂಚಿನಿಂದ ಉಗುರಿನ ಕಡೆಗೆ, ಸುತ್ತಿಗೆ ಸುತ್ತು ತಾಗಿಸಿ, ಬಿಗಿಯಾಗಿ ಸುತ್ತುತ್ತಾ ಗೆಣ್ಣು ದಾಟಿಸಿದಳು. ಊದಿದ ಬೆರಳು ದಾರದಡಿ ಒತ್ತಿಕೊಂಡು ತೆಳ್ಳಗಾಯಿತು. ಅಂಗೈ ಕಡೆಯ ತುದಿಯನ್ನು ಹಿಡಿದು ಈಗ ಒಂದೊಂದೇ ಸುತ್ತು ಬಿಚ್ಚತೊಡಗಿದಳು. ಒಂದು ಸುತ್ತು ಬಿಚ್ಚಿದರೆ ಉಂಗುರ ಒಂದು ಕೂದಲೆಳೆಯಷ್ಟು ಮುಂದೆ ಬರುತ್ತಿತ್ತು. ಗೆಣ್ಣಿನ ಹತ್ತಿರ ಡ್ರೈವರು ಉಸ್ಸೆಂದರು. ಅವಳು ನಿಲ್ಲಿಸಿದಳು, ಅವರು ತಲೆಯಾಡಿಸಿದ ಮೇಲೆ ಮತ್ತೆ ಮುಂದುವರಿಸಿದಳು. ಉಂಗುರ ಗೆಣ್ಣು ದಾಟಿ ಬಂದು ಅವಳ ಅಂಗೈಯಲ್ಲಿ ಬಿತ್ತು, ಇಡಿಯಾಗಿ.

ಇದನ್ನು ಎಲ್ಲಿ ಕಲಿತೆ ಎಂದು ಪರೀಕ್ಷಕರು ಕೇಳಿದ್ದು ಬಾಗಿಲಾಚೆಗೆ ಸ್ಪಷ್ಟವಾಗಿ ಕೇಳಿಸಿತು.

"ಫೋನಲ್ಲಿ ನೋಡಿದ್ದು ಸರ್. ನೋಡಿದ್ದನ್ನ ಹಂಗೇ ನಂಬಲಿಲ್ಲ. ನನ್ನ ಬೆರಳಿಗೆ, ನಮ್ಮನೆಯವರ ಬೆರಳಿಗೆ ಎಲ್ಲಾ ಮಾಡಿ ನೋಡಿದೀನಿ."

ಪ್ಲಾಸ್ಟರಮ್ಮ ಕೈಯಲ್ಲಿದ್ದ ಕಟರನ್ನು ನೋಡಿಕೊಂಡಳು. ತಾನು ಕಲಿಸಿದ್ದಲ್ಲ ಇದು. ತನಗೆ ಬಾರದ್ದು. ತಾನು ಹೀಯಾಳಿಸಿದ ಆ ಚಿಟಿಕೆ ಪಾಠಗಳ ರಾಶಿಯಲ್ಲಿ ಎಲ್ಲೋ ಬಿದ್ದಿದ್ದದ್ದನ್ನು ಈ ಹುಡುಗಿ ಹೆಕ್ಕಿ, ತನ್ನ ಬೆರಳ ಮೇಲೇ ಒರೆಗೆ ಹಚ್ಚಿ ಇಟ್ಟುಕೊಂಡಿದ್ದಳು. ಆಕೆಗೆ ನಾಚಿಕೆಯಾಗಬೇಕಿತ್ತೇನೋ. ಆಗಲಿಲ್ಲ. ಎದೆ ಉಬ್ಬಿ ಬಂತು. ಕಟರನ್ನು ಸೆರಗಿನಡಿ ಮುಚ್ಚಿಟ್ಟುಕೊಂಡು ಕಿಂಡಿಗೆ ಇನ್ನಷ್ಟು ಹತ್ತಿರವಾದಳು.

ಆದರೆ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ದಾರಕ್ಕೆ ಅಂಕವಿಲ್ಲ, ಅಂಕ ಇದ್ದದ್ದು ಪ್ಲಾಸ್ಟರಿಗೆ.

ಹತ್ತಿ ಕೂತಿತು, ನೆನೆದ ಪಟ್ಟಿ ಕೂತಿತು, ಅದರ ಮೇಲೆ ಬ್ಯಾಂಡೇಜು ಸುತ್ತಿದ್ದಾಯಿತು. ಸೊಸೆ ಮಣಿಕಟ್ಟನ್ನು ಹದವಾಗಿ ನಿಲ್ಲಿಸಿ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡಳು. ಬೆರಳ ತುದಿಗಳು ಮೇಲೆದ್ದಿದ್ದವು. ಹೊರಗೆ ನಿಂತ ಪ್ಲಾಸ್ಟರಮ್ಮನ ಅಂಗೈಗಳೂ ಗಾಳಿಯಲ್ಲಿ ಅದೇ ಆಕಾರಕ್ಕೆ ಬಂದವು. ಪರೀಕ್ಷಕರು ಪಕ್ಕದ ಮಂಚದ ಕೆಲಸ ನೋಡಿ, ಏನೋ ಗುರುತು ಹಾಕಿಕೊಂಡು, ತಿರುಗಿ ಬಂದರು.

"ಆಯ್ತಲ್ಲಮ್ಮ. ಕೈ ಬಿಡು, ನೋಡೋಣ."

ಪ್ಲಾಸ್ಟರಮ್ಮ ಕಿಂಡಿಗೆ ಹಣೆ ಒತ್ತಿದಳು. ಆಗಿಲ್ಲ ಎಂಬುದು ಅಷ್ಟು ದೂರದಿಂದಲೂ ಆಕೆಗೆ ಗೊತ್ತು. ಅಂಚಿನಲ್ಲಿ ಕಾಣುತ್ತಿದ್ದ ಪ್ಲಾಸ್ಟರು ಇನ್ನೂ ಒದ್ದೆಯಾಗಿ ಮಿರುಗುತ್ತಿತ್ತು. ಬಿಟ್ಟರೆ ಕುಸಿಯುತ್ತದೆ, ಕುಸಿದರೆ ಫೇಲು. ಬಿಡದಿದ್ದರೆ ಪರೀಕ್ಷಕರ ಮಾತು ಮೀರಿದ ಹಾಗೆ, ಅದಕ್ಕೆ ಎಷ್ಟು ಅಂಕ ಕಳೆಯುತ್ತಾರೋ ದೇವರೇ ಬಲ್ಲ. ಅವರು ಬೇಕೆಂದೇ ಪರೀಕ್ಷಿಸಿದರೋ, ಹೊತ್ತಾಯಿತೆಂದು ಅವಸರ ಮಾಡಿದರೋ, ಆಮೇಲೂ ಯಾರಿಗೂ ತಿಳಿಯಲಿಲ್ಲ.

ಸೊಸೆಯ ಕೈ ಅಲುಗಲಿಲ್ಲ.

"ಇನ್ನೂ ಹೊಳಪು ಹೋಗಿಲ್ಲ ಸರ್. ಬಿಸೀನೂ ಇಳಿದಿಲ್ಲ. ಈಗ ಬಿಟ್ರೆ ಇವರಿಗೆ ತೊಂದರೆಯಾಗುತ್ತೆ. ಕ್ಷಮಿಸಿ, ಆದಮೇಲೆ ಬಿಡ್ತೀನಿ."

ಪರೀಕ್ಷಕರು ಎದೆಯ ಮೇಲೆ ಕೈಕಟ್ಟಿ ಅಲ್ಲೇ ನಿಂತರು. ಆ ನಿಂತ ಭಂಗಿಗೆ ಯಾರಾದರೂ ಬೆವರಬೇಕಿತ್ತು. ಅವಳು ಅವರ ಕಡೆ ನೋಡಲೇ ಇಲ್ಲ. ಡ್ರೈವರ ಕಡೆ ಬಾಗಿ, ಯಾವ ರೂಟಿನ ಬಸ್ಸು ಓಡಿಸುತ್ತಿದ್ದಿರಿ ಎಂದು ಕೇಳಿದಳು. ಅವರು ಹೇಳಿದರು. ಆ ದಾರಿಯ ದೊಡ್ಡ ತಿರುವಿನಲ್ಲಿ ನಿಂತು ಕೈ ಅಡ್ಡ ಹಾಕುವ ಮಕ್ಕಳಿಗಾಗಿ ನಿಲ್ದಾಣವಲ್ಲದಿದ್ದರೂ ಬಸ್ಸು ನಿಲ್ಲಿಸುತ್ತಿದ್ದರಂತೆ. ಮೇಲಿನವರು ಬೈಯುತ್ತಿರಲಿಲ್ಲವಾ ಎಂದು ಅವಳು ಕೇಳಿದಳು. ಬೈಯುತ್ತಿದ್ದರು, ಆದರೆ ಮಕ್ಕಳು ಕಾಯುತ್ತಿದ್ದರಲ್ಲಮ್ಮ ಎಂದರು ಅವರು. ತಮ್ಮ ಮಾತಿಗೆ ತಾವೇ ನಕ್ಕು, ಹೇಳುತ್ತಾ ಹೇಳುತ್ತಾ ಬಿಗಿಹಿಡಿದಿದ್ದ ಭುಜ ಸಡಿಲಿಸಿದರು. ಪ್ಲಾಸ್ಟರಮ್ಮ ಕಿವಿಗೊಟ್ಟು ಕೇಳಿದಳು. ವಿಡಿಯೋದಲ್ಲಿ ತಾನು ಆಡಿದ ಮಾತು ಅಲ್ಲಿ ಒಂದೂ ಇರಲಿಲ್ಲ. ಅವಳದೇ ಮಾತು, ಅವಳದೇ ದನಿ.

ಮೆಲ್ಲಗೆ ಹೊಳಪು ಮಾಸಿತು. ಸೊಸೆ ಮೊದಲು ಒಂದು ಅಂಗೈ ಸರಿಸಿದಳು, ಆಮೇಲೆ ಇನ್ನೊಂದು. ಮಣಿಕಟ್ಟು ಇಟ್ಟ ಹಾಗೇ ನಿಂತಿತ್ತು. ಅವಳು ಕೈ ಮೇಲೆತ್ತಿ ಯಾರಿಗೂ ತೋರಿಸಲಿಲ್ಲ. ಡ್ರೈವರ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ, ಆಡಿಸಿ ಎಂದು ಹೇಳಿ, ಅವುಗಳ ಬಣ್ಣ ನೋಡಿದಳು. ಉಂಗುರವನ್ನು ಒರೆಸಿ ಅವರ ಅಂಗಿಯ ಜೇಬಿನೊಳಗೆ ಹಾಕಿ ಗುಂಡಿ ಹಾಕಿದಳು.

ಪರೀಕ್ಷಕರು ಹೊರಗೆ ಬಂದಾಗ ಪ್ಲಾಸ್ಟರಮ್ಮ ದಡಬಡಿಸಿ ಬೆಂಚಿನ ಮೇಲೆ ಕೂತಿದ್ದಳು. ಅವರು ಕೈ ತೊಳೆಯಲು ಜಾಗ ಕೇಳಿದರು. ತೊಳೆಯುತ್ತಾ, ಸಂಜೆಯ ಫಲಿತಾಂಶದ ಪಟ್ಟಿಯಲ್ಲಿ ಹೇಗೂ ಬರುತ್ತದೆ, ನಿಮ್ಮ ಹುಡುಗಿಯ ಕೈಗೆ ಇನ್ನು ಮೇಲೆ ರೋಗಿಗಳನ್ನು ಒಪ್ಪಿಸಬಹುದು ಎಂದರು. ಟವೆಲ್ಲಿಗೆ ಕೈ ಒರೆಸಿಕೊಂಡು, "ನನ್ನ ಮಾತು ಕೇಳಿ ಇವತ್ತು ಕೈ ಬಿಟ್ಟವರೇ ಜಾಸ್ತಿ," ಎಂದು ಸೇರಿಸಿ ಮುಂದೆ ನಡೆದರು. ಅವರನ್ನು ಕಳಿಸಿಕೊಟ್ಟು, ಬೇಸಿನ್ನು ತೊಳೆಯುವುದು ಆಕೆಯ ಕೆಲಸವಲ್ಲದಿದ್ದರೂ, ಪ್ಲಾಸ್ಟರಮ್ಮ ಎಲ್ಲ ಬೇಸಿನ್ನುಗಳನ್ನೂ ಸಿಂಕಿಗೆ ಒಯ್ದು, ನಲ್ಲಿ ಜೋರಾಗಿ ತಿರುಗಿಸಿ, ಬಾಗಿಲಿಗೆ ಬೆನ್ನು ಮಾಡಿ ನಿಂತಳು. ಕಣ್ಣು ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಪ್ಲಾಸ್ಟರುಮಯ.

ಸೊಸೆ ಬಂದು ಪಕ್ಕದಲ್ಲಿ ನಿಂತು ಇನ್ನೊಂದು ಬೇಸಿನ್ನು ಎತ್ತಿಕೊಂಡಳು. ಉದ್ದಣ್ಣನೂ ಕೊನೆಯ ತನಕ ಕೈ ಬಿಡಲಿಲ್ಲವೆಂದಳು. ಡ್ರೈವರ ಹೆಂಡತಿ ಕಾರಿಡಾರಿನಲ್ಲಿ ತನ್ನ ಕೈ ಹಿಡಿದುಕೊಂಡು ಹೇಗೆ ಬಿಡಲೇ ಇಲ್ಲವೆಂಬುದನ್ನೂ ಹೇಳಿದಳು. ಅತ್ತೆಯ ಕೆನ್ನೆಯ ಮೇಲೆ ಬಿಳಿ ಗೆರೆ ಇಳಿದದ್ದನ್ನು ನೋಡಿಯೂ ನೋಡದ ಹಾಗೆ, ಅಲ್ಲಿದ್ದ ಒಣ ಬಟ್ಟೆಯನ್ನು ಆಕೆಯ ಕೈಗೆಟುಕುವಂತೆ ಸರಿಸಿದಳು.

ಪ್ಲಾಸ್ಟರಮ್ಮ ಮುಖ ಒರೆಸಿಕೊಂಡಳು. ಬೇಸಿನ್ನುಗಳನ್ನು ಬೋರಲು ಹಾಕಿ, ಮಂಚದ ಅಂಚಿನಲ್ಲಿ ಕೂತು, ಬಿಗಿ ಉಂಗುರವಿದ್ದ ತನ್ನ ಬೆರಳನ್ನು ಮುಂದಕ್ಕೆ ಚಾಚಿದಳು.

"ಆ ದಾರದ್ದು ನನಗೂ ತೋರಿಸೇ."

"ಈಗಲೇನಾ ಅತ್ತೆ?"

"ಈಗಲೇ. ನಾಳೆ ಯಾರ ಬೆರಳು ಊದಿಕೊಂಡು ಬರುತ್ತೋ ಏನೋ."

ಸೊಸೆ ಫೋನು ತೆಗೆದು ಆ ವಿಡಿಯೋ ಹುಡುಕಿ ಹಚ್ಚಿದಳು. ದಾರ ಸರಕ್ಕನೆ ಸುತ್ತಿ ಸರಕ್ಕನೆ ಬಿಚ್ಚಿಕೊಂಡು, ಪ್ಲಾಸ್ಟರಮ್ಮ ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಮುಗಿದೂ ಹೋಯಿತು. ಇನ್ನೊಂದು ಸಲ ಹಚ್ಚಿದರೂ ಅಷ್ಟೇ. ಮೊದಲ ಸುತ್ತು ಎಲ್ಲಿಂದ ಶುರುವಾಯಿತೆಂಬುದೇ ಆಕೆಗೆ ಹತ್ತಲಿಲ್ಲ. ಸೊಸೆ ನಕ್ಕು, ಫೋನನ್ನು ಮಂಚದ ಮೇಲೆ ಬೋರಲು ಇಟ್ಟಳು. ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, ಅತ್ತೆಯ ಬೆರಳನ್ನು ತನ್ನ ಕೈಯಲ್ಲಿ ಹಿಡಿದು, ದಾರದ ತುದಿಯನ್ನು ಉಂಗುರದ ಅಡಿಗೆ ನಿಧಾನವಾಗಿ ತೂರಿಸತೊಡಗಿದಳು.